ಬೇಸ್‌ಬಾಲ್ ಲೀಗ್‌ಗೆ ಮಗು ಸೇರಿಸಿದ್ದೀರಾ? ಒಬ್ಬ ಕ್ರಿಕೆಟ್ ಅಪ್ಪನ ಕೋಚಿಂಗ್ ನೋಟ್ಸ್

ಅಮೆರಿಕಕ್ಕೆ ಬಂದು ಎಷ್ಟೋ ವರ್ಷ ಆದ್ಮೇಲೂ ನಂಗೆ ಬೇಸ್‌ಬಾಲ್ ಅಂದ್ರೆ ಟೀವಿಲಿ ಚಾನೆಲ್ ತಿರುಗಿಸೋವಾಗ ಕಣ್ಣಿಗೆ ಬೀಳೋ ಆಟ ಅಷ್ಟೇ ಆಗಿತ್ತು. ಮಗ ಎರಡನೇ ಕ್ಲಾಸಲ್ಲಿದ್ದಾಗ ಫ್ರೆಂಡ್ಸ್ ಎಲ್ಲ ಆಡ್ತಾರೆ ನಾನೂ ಆಡ್ತೀನಿ ಅಂತ ಹಟ ಹಿಡಿದ, ಸೇರಿಸಿದ್ವಿ, ಎರಡು ವಾರ ಆದ್ಮೇಲೆ ಲೀಗ್‌ನಿಂದ ಇಮೇಲ್ ಬಂತು, ನಿಮ್ಮ ಮಗನ ಟೀಮಿಗೆ ಕೋಚ್ ಸಿಕ್ಕಿಲ್ಲ, ಅಪ್ಪ ಅಮ್ಮಂದಿರಲ್ಲಿ ಯಾರಾದ್ರೂ ಒಪ್ಕೊಳ್ಳದೆ ಇದ್ರೆ ಟೀಮೇ ಇರಲ್ಲ ಅಂತ. ಯಾರೂ ಒಪ್ಕೊಳ್ಳಲಿಲ್ಲ. ಹಂಗೆ ಟೆನಿಸ್ ಬಾಲ್ ಕ್ರಿಕೆಟ್ ಬಿಟ್ರೆ ಬೇರೇನೂ ಗೊತ್ತಿಲ್ದಿರೋ ನಾನು ಹನ್ನೆರಡು ಮಕ್ಕಳ ಬೇಸ್‌ಬಾಲ್ ಕೋಚ್ ಆದೆ. ಆರು ಸೀಸನ್ ಆಯ್ತು. ಸ್ವಿಂಗ್ ಹೆಂಗೆ ಮಾಡ್ಬೇಕು, ಕೈ ಎಲ್ಲಿಡ್ಬೇಕು ಅಂತ ನನ್ನ ಕೇಳ್ಬೇಡಿ, ಅದಕ್ಕೆ ಯೂಟ್ಯೂಬ್ ಇದೆ. ಆದ್ರೆ ಮಕ್ಕಳ ಗುಣ ತಿದ್ದೋ ವಿಷ್ಯದಲ್ಲಿ ಈ ಆಟ ಏನು ಮಾಡುತ್ತೆ ಏನು ಮಾಡಲ್ಲ ಅನ್ನೋದು ಸ್ವಲ್ಪ ಗೊತ್ತಾಗಿದೆ, ಹೊಸದಾಗಿ ಸೇರಿಸ್ತಿರೋ ನಮ್ಮೋರಿಗೆ ಉಪಯೋಗ ಆಗಬಹುದು.

ಮೊದಲು ಒಂದು ಮಾತು ಹೇಳಿಬಿಡ್ತೀನಿ. ಆಟಕ್ಕೆ ಹಾಕಿದ್ರೆ ಮಗುಗೆ ಶಿಸ್ತು, ಧೈರ್ಯ, ಟೀಮ್ ಸ್ಪಿರಿಟ್ ಎಲ್ಲ ತಾನಾಗೇ ಬಂದುಬಿಡುತ್ತೆ ಅಂತ ಎಲ್ರೂ ಹೇಳ್ತಾರಲ್ಲ, ಅದು ಅರ್ಧ ಸುಳ್ಳು. ಅದೇ ಗ್ರೌಂಡಲ್ಲಿ ಔಟ್ ಆದ ಕೂಡ್ಲೇ ಹೆಲ್ಮೆಟ್ ಎಸೆಯೋರು, ಕ್ಯಾಚ್ ಬಿಟ್ಟ ಹುಡುಗನನ್ನ ಅಣಕಿಸೋರು, ಅಂಪೈರ್ ಮೇಲೆ ಹಾರಾಡೋರು ಕೂಡ ತಯಾರಾಗ್ತಾರೆ, ನಾನೇ ನೋಡಿದ್ದೀನಿ. ಆಟ ಸಂದರ್ಭ ತಂದುಕೊಡುತ್ತೆ ಅಷ್ಟೇ. ಮಗು ತಪ್ಪು ಮಾಡಿದ ಮೇಲಿನ ಹತ್ತು ಸೆಕೆಂಡಲ್ಲಿ ಸುತ್ತ ಇರೋ ದೊಡ್ಡೋರು ಏನು ಮಾಡ್ತಾರೆ ಅನ್ನೋದರ ಮೇಲೆ ಉಳಿದಿದ್ದೆಲ್ಲ ನಿಂತಿರುತ್ತೆ.

ಆ ಸಂದರ್ಭ ತಂದುಕೊಡೋದ್ರಲ್ಲಿ ಬೇಸ್‌ಬಾಲ್‌ನ ಮೀರಿಸೋ ಆಟ ಕಮ್ಮಿ. ಕ್ರಿಕೆಟಲ್ಲಿ ಔಟ್ ಆದ್ರೆ ಕಥೆ ಮುಗೀತು, ಪ್ಯಾಡ್ ಬಿಚ್ಚಿ ಮೂಲೇಲಿ ಕೂತ್ಕೋಬೇಕು. ಇಲ್ಲಿ ಔಟ್ ಆಗೋದು ಮಾಮೂಲಿ, ಅರ್ಧ ಗಂಟೇಲಿ ಮತ್ತೆ ನಿನ್ನ ಸರದಿ ಬರುತ್ತೆ. ಟೆಡ್ ವಿಲಿಯಮ್ಸ್ ಅನ್ನೋ ಬ್ಯಾಟರ್ 1941ರಲ್ಲಿ .406 ಹೊಡೆದ, ಅಂದ್ರೆ ಹತ್ತಕ್ಕೆ ನಾಲ್ಕು ಸಲ ಹಿಟ್ (ಬಾಲ್ ಹೊಡೆದು, ಔಟಾಗದೆ ಓಡಿ ಬೇಸ್ ಅನ್ನೋ ಗುರುತು ಮುಟ್ಟೋದು), ಅದಾದ್ಮೇಲೆ ಇಲ್ಲಿನ ಎರಡು ದೊಡ್ಡ ಲೀಗಾದ ಅಮೆರಿಕನ್ ಲೀಗಲ್ಲಾಗಲಿ ನ್ಯಾಷನಲ್ ಲೀಗಲ್ಲಾಗಲಿ ಇಡೀ ಸೀಸನ್‌ಗೆ .400 ಮುಟ್ಟಿದೋರು ಒಬ್ರೂ ಇಲ್ಲ. ಹತ್ತಕ್ಕೆ ಆರು ಸಲ ಫೇಲ್ ಆಗಿದ್ದು ಎಂಬತ್ತು ವರ್ಷದಿಂದ ಮುರೀದಿರೋ ಸಾಧನೆ! ನೂರಕ್ಕೆ ತೊಂಬತ್ತೆಂಟು ಬಂದ್ರೆ ಉಳಿದ ಎರಡು ಎಲ್ಲೋಯ್ತು ಅಂತ ಕೇಳೋ ನಮ್ಮ ಮನೆಗಳ ಮಕ್ಕಳಿಗೆ ಈ ಲೆಕ್ಕ ಅರ್ಥ ಆದ್ರೆ ಅದೇ ದೊಡ್ಡ ಲಾಭ. ಇನ್ನೊಂದು ಏನಂದ್ರೆ ಇದು ಟೀಮ್ ಆಟ ಆದ್ರೂ ಬ್ಯಾಟ್ ಹಿಡಿದು ಪ್ಲೇಟ್ (ಬ್ಯಾಟ್ ಮಾಡೋ ಜಾಗ) ಹತ್ರ ಹೋದಾಗ ಮಗು ಒಂಟಿ. ಪಾಸ್ ಮಾಡಿ ತಪ್ಪಿಸ್ಕೊಳ್ಳೋ ಹಂಗಿಲ್ಲ, ಎಲ್ಲರ ಕಣ್ಣೂ ಅದರ ಮೇಲೇ.

ಯಾವ ಲೀಗ್‌ಗೆ ಹಾಕೋದು

ಇಲ್ಲಿ ಎರಡು ದಾರಿ ಇದೆ. ಒಂದು ರೆಕ್ ಲೀಗ್, ಊರಿನ ಮಕ್ಕಳೇ ಆಡೋದು, ಅಪ್ಪ ಅಮ್ಮಂದಿರೇ ಕೋಚು, ಯಾರು ಬಂದ್ರೂ ಜಾಗ ಉಂಟು. ಇನ್ನೊಂದು ಟ್ರಾವೆಲ್ ಬಾಲ್, ಆಯ್ಕೆ ಮಾಡಿ ತಗೊಳ್ತಾರೆ, ವೀಕೆಂಡ್ ಪೂರ್ತಿ ಟೂರ್ನಮೆಂಟು ಹೋಟೆಲ್ಲು, ಖರ್ಚೂ ಜಾಸ್ತಿ. ಎಂಟು ಒಂಬತ್ತು ವರ್ಷದ ಮಗುಗೆ ಟ್ರಾವೆಲ್ ಬಾಲ್ ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ, ಬೈಯೋರು ಬೈಬಹುದು. ಚೆನ್ನಾಗಿ ಆಡೋನು, ಬಾಲ್ ಕಂಡ್ರೆ ಹೆದರೋನು, ಹೂವು ಕೀಳ್ತಾ ನಿಂತ್ಕೊಳ್ಳೋನು ಮೂವರೂ ಒಂದೇ ಡಗ್‌ಔಟಲ್ಲಿ (ಟೀಮಿನ ಬೆಂಚಿರೋ ಜಾಗ) ಕೂರೋದು ರೆಕ್ ಲೀಗಲ್ಲಿ ಮಾತ್ರ, ಗುಣದ ಪಾಠಕ್ಕೆ ಬೇಕಾಗಿರೋದೂ ಅದೇ.

ರೆಕ್‌ನಲ್ಲಿ ಎಲ್ರಿಗೂ ಗೊತ್ತಿರೋ ಹೆಸ್ರು ಲಿಟಲ್ ಲೀಗ್. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಅನ್ನೋರು ಬರೀ ಮೂರು ಟೀಮ್ ಇಟ್ಕೊಂಡು ಶುರು ಮಾಡಿದ್ದು. ಹುಡುಗೀರನ್ನ ಸೇರಿಸ್ಕೊಳ್ಳೋಕೆ ಮಾತ್ರ 1974ರ ತನಕ ಕಾಯ್ಬೇಕಾಯ್ತು, ಅದೂ ಕೋರ್ಟಲ್ಲಿ ಬಡಿದಾಡಿ. 2014ರ ಲಿಟಲ್ ಲೀಗ್ ವರ್ಲ್ಡ್ ಸೀರೀಸಲ್ಲಿ ಮೋನೆ ಡೇವಿಸ್ ಅನ್ನೋ 13 ವರ್ಷದ ಹುಡುಗಿ ಎದುರು ಟೀಮಿಗೆ ಒಂದೂ ರನ್ ಬಿಟ್ಟುಕೊಡದೆ ಪೂರ್ತಿ ಮ್ಯಾಚ್ ಪಿಚ್ ಮಾಡಿ (ನಮ್ಮ ಬೌಲಿಂಗ್ ಥರ, ಬ್ಯಾಟರ್‌ಗೆ ಬಾಲ್ ಎಸೆದು) ಗೆಲ್ಲಿಸಿದ್ಲು. ಮಗಳಿಗೆ ಇಷ್ಟ ಇದ್ರೆ ಸುಮ್ನೆ ಸಾಫ್ಟ್‌ಬಾಲ್ (ದೊಡ್ಡ ಬಾಲಿನ, ಹುಡುಗೀರೇ ಹೆಚ್ಚಾಗಿ ಆಡೋ ಇದೇ ಥರದ ಆಟ) ಕಡೆ ತಳ್ಳಬೇಡಿ, ಕೇಳಿ ನೋಡಿ. ದೈಹಿಕವಾಗಿ ಅಥವಾ ಬುದ್ಧಿ ಬೆಳವಣಿಗೆಯಲ್ಲಿ ತೊಂದ್ರೆ ಇರೋ ಮಕ್ಕಳಿಗೆ ಚಾಲೆಂಜರ್ ಡಿವಿಷನ್ ಅಂತ 1989ರಿಂದ ಇದೆ, ಅಲ್ಲಿ ಬೇರೆ ಮಕ್ಕಳು ಬಡ್ಡಿ (buddy, ಜೊತೆಗಾರ) ಆಗಿ ಜೊತೆಗೆ ಓಡ್ತಾರೆ. ನಿಮ್ಮೂರಲ್ಲಿ ಅದಿದ್ರೆ ನಿಮ್ಮ ಮಗುನ ಒಂದು ಶನಿವಾರ ಬಡ್ಡಿಯಾಗಿ ಕಳಿಸಿ, ನಾವು ಮನೇಲಿ ಕೂರಿಸ್ಕೊಂಡು ಹೇಳೋ ಹತ್ತು ಬುದ್ಧಿಮಾತಿಗಿಂತ ಅದು ಮೇಲು.

ಸೇರಿಸೋ ಮೊದಲು ಲೀಗ್‌ನವರನ್ನ ಕೇಳ್ಬೇಕಾಗಿರೋದು ಇಷ್ಟು. ಪ್ರತಿ ಮಗೂನೂ ಪ್ರತಿ ಮ್ಯಾಚಲ್ಲಿ ಎಷ್ಟು ಹೊತ್ತು ಆಡ್ಲೇಬೇಕು ಅಂತ ರೂಲ್ ಇದ್ಯಾ, ಬ್ಯಾಟಿಂಗ್ ಆರ್ಡರಲ್ಲಿ ಬಂದಿರೋ ಮಕ್ಕಳೆಲ್ಲ ಇರ್ತಾರಾ ಇಲ್ಲ ಒಂಬತ್ತೇ ಜನಾನಾ, ಒಂದು ಮಗು ಎಷ್ಟು ಬಾಲ್ ಎಸೀತು ಅಂತ ಪಿಚ್ ಲೆಕ್ಕ ಇಡ್ತಾರಾ, ಕೋಚ್‌ಗಳಿಗೆ ಪ್ರತಿ ವರ್ಷ ಬ್ಯಾಕ್‌ಗ್ರೌಂಡ್ ಚೆಕ್ ಆಗುತ್ತಾ. ಕೊನೇದಕ್ಕೆ ಉತ್ತರ ತಡವರಿಸಿದ್ರೆ ಆ ಲೀಗ್ ಬೇಡ, ಮಾತು ಮುಂದುವರಿಸೋದೂ ಬೇಡ. ಫೀ ಕಷ್ಟ ಆಗ್ತಿದ್ರೆ ನಾಚಿಕೆ ಬಿಟ್ಟು ಕೇಳಿ, ಎಷ್ಟೋ ಕಡೆ ರಿಯಾಯಿತಿ ಇರುತ್ತೆ, ಹಳೇ ಗ್ಲವ್ ಹಳೇ ಕ್ಲೀಟ್ಸ್ (ಮುಳ್ಳಿನ ಶೂ) ಕೊಡೋರೂ ಇರ್ತಾರೆ.

ಮೊದಲ ಮೀಟಿಂಗ್ ದೊಡ್ಡೋರಿಗೆ

ನೀವು ಕೋಚ್ ಆದ್ರೆ ಮೊದಲ ಪ್ರಾಕ್ಟೀಸ್‌ಗೂ ಮುಂಚೆ ಅಪ್ಪ ಅಮ್ಮಂದಿರನ್ನ ಹದಿನೈದು ನಿಮಿಷ ಕೂರಿಸ್ಕೊಳ್ಳಿ. ಮೊದಲ ವರ್ಷ ನಾನು ಇದನ್ನ ಮಾಡಲಿಲ್ಲ, ಅನುಭವಿಸಿದೆ. ಒಂದು ಮ್ಯಾಚಲ್ಲಿ ನಾನು ಒಂದು ಹೇಳ್ತಿದ್ದೆ, ಬೇಲಿ ಹಿಂದಿಂದ ಒಬ್ಬ ಅಪ್ಪ ಇನ್ನೊಂದು ಕೂಗ್ತಿದ್ರು, ಅಜ್ಜ ಮೂರನೇದು, ಎತ್ತು ಏರಿಗೆ ಕೋಣ ನೀರಿಗೆ, ಮಧ್ಯ ನಿಂತ ಹುಡುಗ ಬಾಲ್ ನೋಡೋದು ಬಿಟ್ಟು ನಮ್ಮೆಲ್ಲರ ಮುಖ ನೋಡ್ತಿದ್ದ.

ಈಗ ನಾನು ಹೇಳೋದು ಇಷ್ಟೇ. ಬ್ಲೀಚರ್ಸ್‌ನಿಂದ (ನೋಡೋರು ಕೂರೋ ಮೆಟ್ಟಿಲು ಬೆಂಚು) ಹೆಸ್ರು ಕೂಗಿ, ಚಪ್ಪಾಳೆ ತಟ್ಟಿ, ಸೂಚನೆ ಕೊಡ್ಬೇಡಿ. ನನ್ನ ಮೇಲೆ ಸಿಟ್ಟು ಬಂದ್ರೆ ಮ್ಯಾಚ್ ಮುಗಿದು 24 ಗಂಟೆ ಆದ್ಮೇಲೆ ಫೋನ್ ಮಾಡಿ, ಅಷ್ಟರಲ್ಲಿ ಅರ್ಧ ಸಿಟ್ಟು ತಾನೇ ಇಳಿದಿರುತ್ತೆ. ಇನ್ನೊಂದು, ಬ್ಯಾಗ್ ಮಗೂನೇ ಹೊತ್ಕೊಂಡು ಬರ್ಬೇಕು. ಕಾರಿಂದ ಡಗ್‌ಔಟ್ ತನಕ. ಇದಕ್ಕೆ ನಮ್ಮ ದೇಸಿ ಅಪ್ಪ ಅಮ್ಮಂದಿರೇ ಹೆಚ್ಚು ಗೊಣಗಿದ್ದು, ಅಯ್ಯೋ ಪಾಪ ಭಾರ ಅಂತ. ಆ ಬ್ಯಾಗಲ್ಲಿರೋದು ಒಂದು ಬ್ಯಾಟು ಒಂದು ಗ್ಲವ್ವು ಒಂದು ನೀರಿನ ಬಾಟ್ಲು, ಅದಕ್ಕಿಂತ ಜಾಸ್ತಿ ಭಾರ ಸ್ಕೂಲ್ ಬ್ಯಾಗ್ ಇರುತ್ತೆ. ಗ್ಲವ್ ಮರೆತು ಬಂದ್ರೆ ಮನೆಗೆ ಓಡಿಹೋಗಿ ತರ್ಬೇಡಿ, ಅವತ್ತು ಬೇರೆಯವರದ್ದು ಕೇಳಿ ಇಸ್ಕೊಂಡು ಆಡ್ಲಿ. ಒಂದು ಸಲ ಹಂಗಾದ್ರೆ ಸಾಕು, ಎರಡನೇ ಸಲ ಮರೆಯೋ ಮಗು ನಾನು ನೋಡಿಲ್ಲ.

ಪ್ರಾಕ್ಟೀಸ್

ಹೊಸ ಕೋಚ್‌ಗಳು ಮಾಡೋ ತಪ್ಪು ಏನಂದ್ರೆ ಒಬ್ಬ ಬ್ಯಾಟ್ ಮಾಡ್ತಾನೆ, ಹನ್ನೊಂದು ಜನ ನಿಂತು ನೋಡ್ತಾರೆ. ನಿಂತ ಮಕ್ಕಳು ಮಣ್ಣು ಎರಚಾಡ್ತಾರೆ, ಆಮೇಲೆ ಇವರಿಗೆ ಶಿಸ್ತಿಲ್ಲ ಅಂತ ನಾವು ಬೈತೀವಿ. ತಪ್ಪು ನಮ್ದು. ಹನ್ನೆರಡು ಜನ ಇದ್ರೆ ನಾಲ್ಕು ನಾಲ್ಕರ ಮೂರು ಗುಂಪು ಮಾಡಿ, ಒಂದು ಗ್ರೌಂಡರ್ (ನೆಲದ ಮೇಲೆ ಉರುಳಿ ಬರೋ ಬಾಲ್) ಹಿಡಿಯೋಕೆ, ಒಂದು ಬಾಲ್‌ನ ಟೀ ಅನ್ನೋ ಕಂಬದ ಮೇಲಿಟ್ಟು ಹೊಡೆಯೋಕೆ, ಒಂದು ಬೇಸ್ ಓಡೋಕೆ, ಹತ್ತು ಹನ್ನೆರಡು ನಿಮಿಷಕ್ಕೆ ಬದಲಾಯಿಸಿ. ಒಂದು ಗಂಟೆ ಸಾಕು.

ಕೆಲಸಗಳನ್ನ ಹಂಚಿ. ಬೇಸ್ ಹಾಕೋದು, ಹೆಲ್ಮೆಟ್ ಜೋಡಿಸೋದು, ಬಾಲ್ ಎಣಿಸೋದು, ಡಗ್‌ಔಟಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಗುಡಿಸೋದು, ಈ ಸಿಪ್ಪೆ ಅನ್ನೋದು ಬೇಸ್‌ಬಾಲ್‌ನ ರಾಷ್ಟ್ರೀಯ ಸಮಸ್ಯೆ. ಪಟ್ಟಿ ಬರೆದು ಅಂಟಿಸಿ, ವಾರ ವಾರ ಬದಲಾಗ್ಲಿ. ಚೆನ್ನಾಗಿ ಆಡೋ ಹುಡುಗನಿಗೆ ಮೊದಲ ವಾರವೇ ಸಿಪ್ಪೆ ಗುಡಿಸೋ ಕೆಲಸ ಕೊಡಿ, ಬೇಕಂತಲೇ. ಮಿಕ್ಕೋರೆಲ್ಲ ನೋಡ್ತಿರ್ತಾರೆ. ಕೋಚ್ ಮಗನಿಗೆ ಎರಡನೇ ವಾರ.

ಇಡೀ ಆಟದಲ್ಲಿ ಗುಣ ಬೆಳೆಸೋಕೆ ಒಂದೇ ಒಂದು ಡ್ರಿಲ್ ಇಟ್ಕೊಳ್ಳಿ ಅಂದ್ರೆ ನಾನು ಬ್ಯಾಕಪ್ ಅಂತೀನಿ. ಗೊತ್ತಿಲ್ದೋರಿಗೆ ಹೇಳ್ತೀನಿ, ಬಾಲ್ ನೆಲದ ಮೇಲೆ ಉರುಳಿ ಶಾರ್ಟ್‌ಸ್ಟಾಪ್ (ಎರಡನೇ ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್) ಹತ್ರ ಹೋಗುತ್ತೆ, ಅವನು ಎತ್ತಿ ಫಸ್ಟ್ ಬೇಸ್‌ಗೆ ಎಸೀತಾನೆ, ಈ ವಯಸ್ಸಲ್ಲಿ ಎಸೆದಿದ್ದು ಎಲ್ಲೋ ಹೋಗೋದು ಅಥವಾ ಹಿಡಿಯೋನು ಬಿಡೋದು ಸರ್ವೇಸಾಮಾನ್ಯ. ಆಗ ಬಾಲ್ ಬೇಲಿ ತನಕ ಉರುಳ್ಕೊಂಡು ಹೋಗುತ್ತೆ, ಓಡೋನು ಎರಡು ಬೇಸ್ ಜಾಸ್ತಿ ತಗೊಳ್ತಾನೆ. ಅದನ್ನ ತಡೆಯೋನು ಯಾರು? ರೈಟ್ ಫೀಲ್ಡರ್. ಟೀಮಲ್ಲಿ ಕಮ್ಮಿ ಆಡೋರನ್ನ ನಿಲ್ಲಿಸೋ ಜಾಗ ಅಂತ ಹೆಸರಾಗಿರೋ ರೈಟ್ ಫೀಲ್ಡಲ್ಲಿ ನಿಂತ ಮಗು ಪ್ರತಿ ಗ್ರೌಂಡರ್‌ಗೂ ಫಸ್ಟ್ ಬೇಸ್ ಹಿಂದಕ್ಕೆ ಓಡ್ಬೇಕು, ಬಾಲ್ ಅಲ್ಲಿಗೆ ಬರುತ್ತೆ ಅಂತಲ್ಲ, ಬಂದ್ರೆ ಅಂತ. ಇಪ್ಪತ್ತು ಸಲ ಓಡಿದ್ರೆ ಹದಿನೆಂಟು ಸಲ ವೇಸ್ಟು. ಸ್ಕೋರ್ ಬುಕ್ಕಲ್ಲಿ ಅದಕ್ಕೆ ಕಾಲಂ ಇಲ್ಲ, ಬ್ಲೀಚರ್ಸ್‌ನಲ್ಲಿ ಯಾರ ಕಣ್ಣಿಗೂ ಬೀಳಲ್ಲ. ಬೇರೆಯವರು ಮಾಡಬಹುದಾದ ತಪ್ಪನ್ನ ಮೊದಲೇ ಊಹಿಸಿ, ಅವರನ್ನ ಬೈಯದೆ, ಯಾರೂ ನೋಡದೆ ಇದ್ರೂ ಓಡೋದು, ಇದನ್ನ ಮಾತಲ್ಲಿ ಹೆಂಗೆ ಕಲಿಸ್ತೀರಿ ಹೇಳಿ, ಕಾಲಲ್ಲೇ ಕಲಿಬೇಕು.

ಅದಕ್ಕೇ ಅದಕ್ಕೊಂದು ಲೆಕ್ಕ ಇಡಿ. ನಮ್ಮ ಟೀಮಲ್ಲಿ ನಾನು ಹಿಟ್ ಎಣಿಸಲ್ಲ, ಬ್ಯಾಕಪ್ ಎಣಿಸ್ತೀನಿ, ಜೇಬಲ್ಲಿ ಚಿಕ್ಕ ಪುಸ್ತಕ ಇರುತ್ತೆ, ಮ್ಯಾಚ್ ಮುಗಿದ್ಮೇಲೆ ಗುಂಪಾಗಿ ಕೂತಾಗ ಮೊದಲು ಓದೋದು ಅದನ್ನೇ. ಒಂದು ಸೀಸನಲ್ಲಿ ಒಬ್ಬ ಹುಡುಗ ಇದ್ದ, ಇಡೀ ವರ್ಷಕ್ಕೆ ಎರಡೇ ಹಿಟ್, ಆದ್ರೆ ನನ್ನ ಪುಸ್ತಕದಲ್ಲಿ ಎಲ್ಲರಿಗಿಂತ ಮೇಲೆ ಅವನ ಹೆಸ್ರು. ಮೂರನೇ ವಾರದಿಂದ ಚೆನ್ನಾಗಿ ಆಡೋ ಹುಡುಗ್ರೂ ಅವನ ಜೊತೆ ಪೈಪೋಟಿಗೆ ಬಿದ್ರು. ನೀವು ಏನನ್ನ ಎಣಿಸ್ತೀರೋ ಮಕ್ಕಳು ಅದನ್ನ ಬೆಳೆಸ್ಕೊಳ್ತಾರೆ, ಇದು ಕೋಚ್ ಅಲ್ದಿರೋ ಅಪ್ಪ ಅಮ್ಮಂದಿರಿಗೂ ಆಗುತ್ತೆ, ಬ್ಲೀಚರ್ಸಲ್ಲಿ ಕೂತು ನೀವೇ ಎಣಿಸಬಹುದು.

ತಪ್ಪು ಮಾಡಿದ ಮೇಲಿನ ಹತ್ತು ಸೆಕೆಂಡ್

ಕಾಲ ಸಂದಿಲಿ ಬಾಲ್ ಹೋಯ್ತು, ರನ್ ಬಂತು. ಮಗು ಮೊದಲು ಎಲ್ಲಿ ನೋಡುತ್ತೆ ಗಮನಿಸಿ. ಬಾಲ್ ಕಡೆ ಅಲ್ಲ, ಅಪ್ಪನ ಕಡೆ ಅಥವಾ ಕೋಚ್ ಕಡೆ. ಆ ಕ್ಷಣ ನಿಮ್ಮ ಮುಖ ಹೆಂಗಿದೆ ಅನ್ನೋದೇ ಪಾಠ. ತಲೆ ಮೇಲೆ ಕೈ ಇಟ್ಕೊಂಡ್ರೆ ಅಷ್ಟೇ, ಮುಗೀತು, ಮುಂದಿನ ಬಾಲ್ ತನ್ನ ಕಡೆ ಬರದೆ ಇರ್ಲಪ್ಪಾ ಅಂತ ಬೇಡ್ಕೊಳ್ಳುತ್ತೆ, ಹಂಗೆ ಬೇಡ್ಕೊಳ್ಳೋ ಮಗು ಹತ್ರಾನೇ ಬಾಲ್ ಮತ್ತೆ ಹೋಗುತ್ತೆ, ಯಾಕೋ ಗೊತ್ತಿಲ್ಲ.

ಇದಕ್ಕೆ ಇಲ್ಲಿನ ಕೋಚ್‌ಗಳು ಬಳಸೋ ಒಂದು ಉಪಾಯ ಇದೆ. ಪಾಸಿಟಿವ್ ಕೋಚಿಂಗ್ ಅಲಯನ್ಸ್ ಅಂತ ಒಂದು ಸಂಸ್ಥೆ, 1998ರಲ್ಲಿ ಜಿಮ್ ಥಾಂಪ್ಸನ್ ಅನ್ನೋರು ಶುರು ಮಾಡಿದ್ದು, ಅವರು ಹೇಳ್ಕೊಡೋದು. ತಪ್ಪಾದ ಕೂಡ್ಲೇ ಇಡೀ ಟೀಮ್ ಕೈಯಲ್ಲಿ ಟಾಯ್ಲೆಟ್ ಫ್ಲಷ್ ಎಳೆಯೋ ಸನ್ನೆ ಮಾಡೋದು, ಹೋಯ್ತು ಬಿಡು ಮುಂದಿನದು ನೋಡು ಅಂತ. ಕೇಳೋಕೆ ತಮಾಷೆ ಅನಿಸುತ್ತೆ, ಎಂಟು ವರ್ಷದ ಮಕ್ಕಳಿಗೆ ಟಾಯ್ಲೆಟ್ ಜೋಕ್‌ಗಿಂತ ದೊಡ್ಡ ಔಷಧಿ ಇಲ್ಲ. ಹನ್ನೊಂದು ಹನ್ನೆರಡರ ಹುಡುಗ್ರು ಇದನ್ನ ಮಾಡಲ್ಲ, ನಾಚ್ಕೋತಾರೆ, ಅವರಿಗೆ ಟೋಪಿ ಒಂದ್ಸಲ ತೆಗೆದು ಹಾಕ್ಕೊಳ್ಳೋದು, ಒಂದು ಹಿಡಿ ಮಣ್ಣು ತಗೊಂಡು ಬಿಡೋದು, ಅವರವರೇ ಆರಿಸ್ಕೊಳ್ಳಿ. ಸನ್ನೆ ಯಾವುದಾದ್ರೂ ಆಗ್ಲಿ, ಮೊದಲು ಕೋಚ್ ಮಾಡ್ಬೇಕು. ನಾನು ಮೂರನೇ ಬೇಸ್ ಹತ್ರ ನಿಂತು ಒಬ್ಬನನ್ನ ತಪ್ಪಾಗಿ ಓಡಿಸಿ ಔಟ್ ಮಾಡಿಸಿದ್ದೆ ಒಂದ್ಸಲ, ಎಲ್ರಿಗೂ ಕಾಣೋ ಹಂಗೆ ಫ್ಲಷ್ ಎಳೆದು "ತಪ್ಪು ನಂದು" ಅಂದೆ. ಹುಡುಗ್ರು ಬಿದ್ದು ಬಿದ್ದು ನಕ್ರು. ಅದಾದ್ಮೇಲೆ ಅವರೂ "ತಪ್ಪು ನಂದು" ಅನ್ನೋಕೆ ಶುರು ಮಾಡಿದ್ರು, ಅದಕ್ಕೂ ಮುಂಚೆ ಬಿಸಿಲು, ಗ್ಲವ್ವು, ಪಕ್ಕದೋನು ಅಂತ ನೆಪ ಹೇಳ್ತಿದ್ರು.

ಅಳೋ ಮಗು ಬಂದ್ರೆ ಏನು ಮಾಡೋದು? ಅಳ್ಬೇಡ ಅನ್ಬೇಡಿ. ಡಗ್‌ಔಟಿನ ತುದೀಲಿ ಒಂದು ಜಾಗ ಇರ್ಲಿ, ಎರಡು ನಿಮಿಷ ಅತ್ಕೊಂಡು, ನೀರು ಕುಡಿದು, ಮುಖ ಒರೆಸ್ಕೊಂಡು ಬರ್ಲಿ. ಎಸೆಯೋಕೆ ಮಾತ್ರ ಬಿಡ್ಬೇಡಿ. ಬ್ಯಾಟ್ ಅಥವಾ ಹೆಲ್ಮೆಟ್ ಎಸೆದ್ರೆ ಒಂದು ಇನ್ನಿಂಗ್ಸ್ ಹೊರಗೆ, ನಿಮ್ಮ ಬೆಸ್ಟ್ ಪ್ಲೇಯರ್ ಆಗಿದ್ರೂ, ಅವನಿಲ್ದೆ ಮ್ಯಾಚ್ ಸೋತ್ರೂ. ನಾನು ಒಂದು ಸೆಮಿಫೈನಲ್ ಹಂಗೇ ಸೋತೆ, ಮನೆಗೆ ಹೋಗಿ ನಂಗೇ ನಿದ್ದೆ ಬರಲಿಲ್ಲ ಅನ್ನೋದು ಬೇರೆ ವಿಷ್ಯ.

ಹೆದರಿಕೆ ಬಗ್ಗೆ ಒಂದು ಮಾತು. ಈ ಬಾಲ್ ಗಟ್ಟಿ, ಕ್ರಿಕೆಟ್ ಬಾಲ್‌ಗಿಂತ ಸ್ವಲ್ಪ ಹಗುರ ಅಷ್ಟೇ, ಹೆದರೋದು ತಪ್ಪಲ್ಲ. ಧೈರ್ಯ ತಗೋ ಅಂತ ಕೂಗೋ ಬದಲು ಪ್ರಾಕ್ಟೀಸಲ್ಲಿ ಟೆನಿಸ್ ಬಾಲ್ ಎಸೆದು ಬಾಲ್ ಮೈಗೆ ಬಂದಾಗ ಬೆನ್ನು ತಿರುಗಿಸಿ ತಲೆ ಬಗ್ಗಿಸೋದನ್ನ ಅಭ್ಯಾಸ ಮಾಡಿಸಿ. ಹೆಂಗೆ ತಪ್ಪಿಸ್ಕೊಳ್ಳೋದು ಅಂತ ಗೊತ್ತಿರೋ ಮಗು ಪ್ಲೇಟ್ ಹತ್ರ ಗಟ್ಟಿಯಾಗಿ ನಿಲ್ಲುತ್ತೆ.

ಅಂಪೈರ್

ಮಕ್ಕಳ ಮ್ಯಾಚಲ್ಲಿ ಅಂಪೈರ್ ಆಗಿರೋದು ಬಹಳ ಸಲ ಹೈಸ್ಕೂಲ್ ಹುಡುಗ ಹುಡುಗೀರು, ಪಾಕೆಟ್ ಮನಿಗೆ ಬಂದಿರ್ತಾರೆ. ನಲವತ್ತು ವರ್ಷದ ಗಂಡಸು ಹದಿನೈದು ವರ್ಷದ ಹುಡುಗನ ಮೇಲೆ ಅದು ಸ್ಟ್ರೈಕ್ (ಹೊಡೀಬೇಕಿದ್ದ ಬಾಲ್ ತಪ್ಪಿಸ್ಕೊಂಡ ಲೆಕ್ಕ, ಮೂರಾದ್ರೆ ಔಟ್) ಹೆಂಗಾಗುತ್ತೆ ಅಂತ ಕಿರುಚೋದು ನೋಡಿದ್ರೆ ನಾಚಿಕೆ ಆಗುತ್ತೆ. ಕುಣೀಲಾರದೋಳಿಗೆ ನೆಲ ಡೊಂಕು ಅನ್ನೋದನ್ನ ಮಗುಗೆ ಅಷ್ಟು ಬೇಗ ಯಾಕೆ ಕಲಿಸ್ಬೇಕು?

ನಾನು ಪ್ರತಿ ಸೀಸನ್ ಒಂದು ಕಥೆ ಹೇಳ್ತೀನಿ. 2010 ಜೂನ್ 2, ಡೆಟ್ರಾಯಿಟ್. ಅರ್ಮಾಂಡೋ ಗಲರಾಗಾ ಅನ್ನೋ ಪಿಚರ್ ಕ್ಲೀವ್‌ಲ್ಯಾಂಡ್ ಟೀಮಿನ 26 ಜನರನ್ನ ಸಾಲಾಗಿ ಔಟ್ ಮಾಡಿದ್ದ, ಒಬ್ನೂ ಬೇಸ್ ಮುಟ್ಟಿರಲಿಲ್ಲ. ಇನ್ನೊಬ್ಬ ಔಟಾದ್ರೆ ಪರ್ಫೆಕ್ಟ್ ಗೇಮ್, ಬೇಸ್‌ಬಾಲ್ ಚರಿತ್ರೇಲಿ ಬೆರಳೆಣಿಕೆಯಷ್ಟು ಜನಕ್ಕೆ ಸಿಕ್ಕಿರೋದು. ಇಪ್ಪತ್ತೇಳನೇಯವನು ಫಸ್ಟ್ ಬೇಸಲ್ಲಿ ಸ್ಪಷ್ಟವಾಗಿ ಔಟ್, ಆದ್ರೆ ಅಂಪೈರ್ ಜಿಮ್ ಜಾಯ್ಸ್ ಸೇಫ್, ಅಂದ್ರೆ ಔಟಲ್ಲ, ಅಂದುಬಿಟ್ರು. ಗಲರಾಗಾ ಏನು ಮಾಡಿದ? ಒಂದು ಸಣ್ಣ ನಗು ನಕ್ಕು, ಮತ್ತೆ ಹೋಗಿ ಮುಂದಿನ ಬ್ಯಾಟರ್‌ನ ಔಟ್ ಮಾಡಿದ. ಮ್ಯಾಚ್ ಮುಗಿದ್ಮೇಲೆ ಜಾಯ್ಸ್ ರೀಪ್ಲೇ ನೋಡಿ ನನ್ನಿಂದ ತಪ್ಪಾಯ್ತು ಅಂತ ಎಲ್ಲರ ಮುಂದೆ ಒಪ್ಕೊಂಡ್ರು, ಗಲರಾಗಾ ಹತ್ರ ಹೋಗಿ ಕ್ಷಮೆ ಕೇಳಿದ್ರು. ಮರುದಿನದ ಮ್ಯಾಚಿಗೆ ಟೀಮ್ ಪಟ್ಟಿ ತಂದು ಜಾಯ್ಸ್ ಕೈಗೆ ಕೊಟ್ಟಿದ್ದು ಅದೇ ಗಲರಾಗಾ, ಜಾಯ್ಸ್ ಕಣ್ಣಲ್ಲಿ ನೀರು. ಈ ವಿಡಿಯೋ ಸಿಗುತ್ತೆ, ಮಕ್ಕಳ ಜೊತೆ ಕೂತು ನೋಡಿ, ನೋಡಿದ್ಮೇಲೆ ಏನೂ ವಿವರಿಸಬೇಡಿ, ದಯವಿಟ್ಟು. ಯಾರದ್ದು ಹೆಚ್ಚು ಕಷ್ಟ, ಗಲರಾಗಾದ್ದಾ ಜಾಯ್ಸ್‌ದಾ ಅಂತ ಒಂದೇ ಪ್ರಶ್ನೆ ಕೇಳಿ ಸುಮ್ನಾಗಿ. ನಮ್ಮ ಡಗ್‌ಔಟಲ್ಲಿ ಅದರ ಮೇಲೆ ಅರ್ಧ ಗಂಟೆ ಜಗಳ ಆಗಿತ್ತು.

ಮ್ಯಾಚ್ ಮುಗಿದ್ಮೇಲೆ ಪ್ರತಿ ವಾರ ಒಬ್ಬ ಹುಡುಗನ್ನ ಅಂಪೈರ್ ಹತ್ರ ಥ್ಯಾಂಕ್ಸ್ ಹೇಳೋಕೆ ಕಳಿಸಿ, ಸೋತಾಗ್ಲೂ.

ಯಾರನ್ನ ಎಲ್ಲಿ ಆಡಿಸೋದು

ಲಿಟಲ್ ಲೀಗಲ್ಲಿ ಪ್ರತಿ ಮಗುಗೂ ಇಷ್ಟು ಆಟ ಕೊಡ್ಲೇಬೇಕು ಅಂತ ಕನಿಷ್ಠ ಲೆಕ್ಕ ಇದೆ. ಅದು ಕನಿಷ್ಠ, ಅದನ್ನೇ ಗರಿಷ್ಠ ಅಂದ್ಕೊಳ್ಳೋ ಕೋಚ್‌ಗಳಿದ್ದಾರೆ. ಕೆಲವರಿಗೆ ಬರೀ ರೈಟ್ ಫೀಲ್ಡ್, ಕೋಚ್ ಮಗನಿಗೆ ಯಾವಾಗ್ಲೂ ಶಾರ್ಟ್‌ಸ್ಟಾಪ್ಪು, ಇದಕ್ಕೆ ಇಲ್ಲಿ ಡ್ಯಾಡಿ ಬಾಲ್ ಅಂತ ಹೆಸರೇ ಇದೆ. ಮಕ್ಕಳಿಗೆ ಇದು ನಮಗಿಂತ ಮೊದಲು ಗೊತ್ತಾಗುತ್ತೆ. ಹೇಳೋದು ಆಚಾರ ತಿನ್ನೋದು ಬದನೆಕಾಯಿ ಆಗಬಾರ್ದು ಅಂದ್ರೆ ಸೀಸನ್ ಶುರುವಿಗೇ ಯಾರು ಯಾವ ಇನ್ನಿಂಗ್ಸಲ್ಲಿ ಎಲ್ಲಿ ಅಂತ ಚಾರ್ಟ್ ಮಾಡಿ ಎಲ್ಲರ ಕಣ್ಣಿಗೂ ಕಾಣೋ ಹಂಗೆ ಹಾಕಿ. ಹಾಗಂತ ಕಣ್ಮುಚ್ಚಿ ಸರದಿ ಹಾಕೋದೂ ತಪ್ಪು. ಜೋರಾಗಿ ಬರೋ ಬಾಲ್ ಇನ್ನೂ ಹಿಡಿಯೋಕೆ ಬರ್ದಿರೋ ಮಗುನ ಫಸ್ಟ್ ಬೇಸಲ್ಲಿ ನಿಲ್ಲಿಸಿದ್ರೆ ಮುಖಕ್ಕೆ ಬೀಳುತ್ತೆ. ಅದಕ್ಕೆ ನೇರವಾಗಿ ಹೇಳಿ: ನಿಂಗೆ ಆಸೆ ಇದೆ, ಗೊತ್ತು, ಎದೆ ಎತ್ತರಕ್ಕೆ ಎಸೆದ ಹತ್ತರಲ್ಲಿ ಎಂಟು ಹಿಡಿ, ಅವತ್ತೇ ನಿಲ್ಲಿಸ್ತೀನಿ. ಹಿಡಿದ ದಿನ ಮಾತಿಗೆ ತಪ್ಪಬೇಡಿ, ಅದು ಫೈನಲ್ ಮ್ಯಾಚ್ ಆಗಿದ್ರೂ.

ಪಿಚ್ ಲೆಕ್ಕ

ಇದು ಮಕ್ಕಳ ಕೈಗೆ ಸಂಬಂಧಪಟ್ಟಿದ್ದು, ಪ್ರಾಮಾಣಿಕತೆಗೂ ಸಂಬಂಧಪಟ್ಟಿದ್ದು. ಲಿಟಲ್ ಲೀಗಲ್ಲಿ ಒಂದು ದಿನಕ್ಕೆ 7-8 ವಯಸ್ಸಿನೋರು 50 ಪಿಚ್, 9-10 ರವರು 75, 11-12 ರವರು 85, ಅದಕ್ಕಿಂತ ಜಾಸ್ತಿ ಎಸೆಯೋ ಹಂಗಿಲ್ಲ. 14ರ ಒಳಗಿನೋರು ಒಂದು ದಿನ 66 ಅಥವಾ ಜಾಸ್ತಿ ಎಸೆದ್ರೆ ನಾಲ್ಕು ದಿನ ರೆಸ್ಟ್. ಬೆಳೆಯೋ ಮೊಣಕೈ ಭುಜ ಹಾಳಾಗಬಾರ್ದು ಅಂತ ಮಾಡಿರೋ ರೂಲು. ಕೋಚ್‌ಗಳು ಇದನ್ನ ಮುರಿಯೋದು ಹೆಂಗಂದ್ರೆ, ಲೆಕ್ಕ ಬರೆಯೋರ ಜೊತೆ ವಾದ ಮಾಡಿ ಮೂರು ನಾಲ್ಕು ಪಿಚ್ ಕಮ್ಮಿ ಮಾಡಿಸೋದು, ಇಲ್ಲ ಶನಿವಾರ ಇಲ್ಲಿ ಎಸೆದ ಹುಡುಗ ಭಾನುವಾರ ಟ್ರಾವೆಲ್ ಟೀಮಲ್ಲೂ ಎಸೆಯೋದು, ಅಪ್ಪ ಅಮ್ಮ ಸುಮ್ನಿರೋದು. ಹುಡುಗನಿಗೆ ತಾನು ಎಷ್ಟು ಎಸೆದೆ ಅಂತ ಗೊತ್ತಿರುತ್ತೆ ಕಣ್ರೀ.

ನಾನು ಮಾಡೋದು, ಬೆಂಚಲ್ಲಿರೋ ಒಬ್ಬ ಮಗು ಕೈಗೆ ಕ್ಲಿಕ್ಕರ್ (ಒತ್ತಿ ಎಣಿಸೋ ಚಿಕ್ಕ ಯಂತ್ರ) ಕೊಟ್ಟುಬಿಡ್ತೀನಿ, ನಮ್ಮ ಪಿಚರ್‌ದೂ ಅವರ ಪಿಚರ್‌ದೂ ಎಣಿಸ್ಬೇಕು. ಒಂದ್ಸಲ ಅಧಿಕೃತ ಲೆಕ್ಕದಲ್ಲಿ ನಮ್ಮ ಹುಡುಗನಿಗೆ ಎರಡು ಕಮ್ಮಿ ಬಂದಿತ್ತು, ಒಂಬತ್ತು ವರ್ಷದ ಹುಡುಗಿ ಕ್ಲಿಕ್ಕರ್ ಹಿಡ್ಕೊಂಡು ಇಲ್ಲ ನಮ್ದು ಎರಡು ಜಾಸ್ತಿ ಆಗಿದೆ ಅಂತ ತಾನೇ ಹೋಗಿ ಹೇಳಿ ಬಂದ್ಲು. ಅದರಿಂದ ನಮ್ಮ ಪಿಚರ್ ಬದಲಾಗ್ಬೇಕಾಯ್ತು, ಟೀಮಲ್ಲಿ ಇಬ್ರು ಅವಳ ಮೇಲೆ ಮುನಿಸ್ಕೊಂಡ್ರು. ಅವಳ ಪರ ನಾನು ಏನೂ ಭಾಷಣ ಮಾಡಲಿಲ್ಲ, ಮುಂದಿನ ಮ್ಯಾಚಿಗೂ ಕ್ಲಿಕ್ಕರ್ ಅವಳ ಕೈಗೇ ಕೊಟ್ಟೆ.

ಗೆಲುವು ಸೋಲು

ಗೆಲ್ಲೋದು ಮುಖ್ಯ ಅಲ್ಲ ಅಂತ ಮಕ್ಕಳಿಗೆ ಹೇಳ್ಬೇಡಿ, ನಂಬಲ್ಲ, ನಾವೂ ನಂಬಲ್ಲ. ಗೆಲ್ಲೋಕೆ ಆಡಿ. ಆದ್ರೆ 12-0 ಮುಂದಿದ್ದಾಗ ಬೇಸ್ ಕದಿಯೋದು (ಯಾರೂ ಹಿಟ್ ಹೊಡೀದೆ ಮುಂದಿನ ಬೇಸಿಗೆ ಓಡಿಬಿಡೋದು) ನಿಲ್ಲಿಸಿ, ಯಾವತ್ತೂ ಪಿಚ್ ಮಾಡ್ದಿರೋನಿಗೆ ಬಾಲ್ ಕೊಡಿ. ಬೇಕಂತ ಔಟ್ ಆಗಿ ಅಂತ ಮಾತ್ರ ಹೇಳ್ಬೇಡಿ, ಎದುರಿನೋರಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ. ಸೋತಾಗ ಸಾಲಲ್ಲಿ ನಿಂತು ಕೈ ಕೊಡುವಾಗ ಕಣ್ಣು ನೋಡಿ ಕೊಡ್ಬೇಕು, ಒದ್ದೆ ಮೀನಿನ ಹಂಗೆ ಕೈ ಸವರಿಕೊಂಡು ಹೋಗೋದಲ್ಲ.

2022ರ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ವೇಕೋದಲ್ಲಿ ಲಿಟಲ್ ಲೀಗ್ ರೀಜನಲ್ ಫೈನಲ್ ನಡೀತು, ಗೆದ್ದೋರು ವರ್ಲ್ಡ್ ಸೀರೀಸ್‌ಗೆ. ಟೆಕ್ಸಾಸ್ ಪಿಚರ್ ಎಸೆದ ಬಾಲ್ ಓಕ್ಲಹೋಮಾ ಬ್ಯಾಟರ್ ತಲೆಗೆ, ಹೆಲ್ಮೆಟ್ಟಿಗೆ ಬಿತ್ತು, ಹುಡುಗ ಕುಸಿದು ಬಿದ್ದ. ಎದ್ದು ಫಸ್ಟ್ ಬೇಸಿಗೆ ಹೋದ್ಮೇಲೆ ನೋಡ್ತಾನೆ, ಪಿಚರ್ ಅಲ್ಲೇ ನಿಂತು ಅಳ್ತಿದ್ದಾನೆ. ಹೊಡೆಸ್ಕೊಂಡ ಹುಡುಗನೇ ಹೆಲ್ಮೆಟ್ ತೆಗೆದಿಟ್ಟು ನಡ್ಕೊಂಡು ಹೋಗಿ ಪಿಚರನ್ನ ತಬ್ಕೊಂಡ, ನೀನು ಚೆನ್ನಾಗೇ ಆಡ್ತಿದ್ದೀಯ ಅಂದ. ಯಾವ ಕೋಚೂ ಅವನಿಗೆ ಹೋಗು ಅಂತ ಹೇಳಿರಲಿಲ್ಲ. (ತಲೆಗೆ ಪೆಟ್ಟು ಬಿದ್ರೆ ಮಾತ್ರ ಧೈರ್ಯದ ಪಾಠ ಬೇಡ, ಕನ್‌ಕಶನ್, ಅಂದ್ರೆ ಮಿದುಳಿಗೆ ಪೆಟ್ಟಾಗಿರೋ ಅನುಮಾನ ಇದ್ರೆ ಹೊರಗೆ ಕೂರಿಸಿ, ಡಾಕ್ಟರ್ ಓಕೆ ಅನ್ನೋ ತನಕ ಆಡಿಸ್ಬೇಡಿ.)

ಮನೆಗೆ ಹೋಗೋ ದಾರಿ

ಕಾರಲ್ಲಿ ಮಗು ಹಿಂದೆ ಕೂತಿದೆ, ಬೆಲ್ಟ್ ಹಾಕಿದೆ, ತಪ್ಪಿಸ್ಕೊಳ್ಳೋಕೆ ಜಾಗ ಇಲ್ಲ. ನಮ್ಮ ಜನ ಬುದ್ಧಿ ಹೇಳೋಕೆ ಶುರು ಮಾಡೋದು ಆಗ್ಲೇ. ಆ ಮೂರನೇ ಸ್ಟ್ರೈಕ್‌ಗೆ ಯಾಕೆ ಬ್ಯಾಟ್ ಬೀಸಲಿಲ್ಲ, ಅವರ ಮಗ ನೋಡು ಮೂರು ಹಿಟ್ ಹೊಡೆದ. ನಾನೂ ಮಾಡಿದ್ದೀನಿ, ಮಗ ಒಂದಿನ ಕಿಟಕಿ ನೋಡ್ಕೊಂಡೇ "ಅಪ್ಪಾ, ಕಾರಲ್ಲಿ ನೀನು ಕೋಚಾ ಅಪ್ಪಾನಾ" ಅಂದ. ಅವತ್ತಿಂದ ಕಾರಲ್ಲಿ ಒಂದೇ ವಾಕ್ಯ, ನಿನ್ನ ಆಟ ನೋಡೋಕೆ ಖುಷಿಯಾಯ್ತು ಅಂತ, ಆಮೇಲೆ ಏನು ತಿಂತೀಯ ಅಂತ. ಆಟದ ಮಾತು ಅವನಾಗಿ ಎತ್ತಿದ್ರೆ ಕೇಳ್ತೀನಿ. ಎಷ್ಟೋ ಸಲ ರಾತ್ರಿ ಮಲಗೋ ಹೊತ್ತಿಗೆ ಎತ್ತುತಾನೆ, ಆಗ ಅವನು ಹೇಳೋದ್ರಲ್ಲಿ ನಾನು ಹೇಳ್ಬೇಕು ಅಂದ್ಕೊಂಡಿದ್ದೆಲ್ಲ ಇರುತ್ತೆ.

ಬಿಡ್ತೀನಿ ಅಂದ್ರೆ

ಏಪ್ರಿಲ್ ಕೊನೇಲಿ ಅರ್ಧ ಮಕ್ಕಳು ಬಿಡ್ತೀನಿ ಅಂತಾರೆ, ಚಳಿ, ಸೋಲು, ಹೋಮ್‌ವರ್ಕು. ನಮ್ಮ ಮನೆ ಒಪ್ಪಂದ ಏನಂದ್ರೆ ಮುಂದಿನ ಸೀಸನ್ ಬೇಡ ಅಂದ್ರೆ ಓಕೆ, ಪ್ರಶ್ನೆ ಇಲ್ಲ, ಆದ್ರೆ ಈ ಸೀಸನ್ ಮುಗಿಸ್ಬೇಕು, ಯಾಕಂದ್ರೆ ಒಂಬತ್ತು ಜನ ಇಲ್ದೆ ಇದ್ರೆ ಉಳಿದ ಮಕ್ಕಳ ಆಟಕ್ಕೂ ಕಲ್ಲು. ಕೋಚ್ ಬಾಯಿಗೆ ಬಂದಂಗೆ ಬೈತಿದ್ರೆ ಅಥವಾ ಟೀಮಲ್ಲಿ ಯಾರಾದ್ರೂ ಹಿಂಸೆ ಕೊಡ್ತಿದ್ರೆ ಆ ಒಪ್ಪಂದ ಲೆಕ್ಕಕ್ಕಿಲ್ಲ, ಲೀಗ್‌ಗೆ ಬರೆದು ತಿಳಿಸಿ ಅವತ್ತೇ ಬಿಡಿಸಿ.

ಸೀಸನ್ ಕೊನೇಲಿ ಎಲ್ರಿಗೂ ಒಂದೇ ಥರದ ಪ್ಲಾಸ್ಟಿಕ್ ಟ್ರೋಫಿ ಕೊಡೋ ರೂಢಿ ಇದೆ, ಕೊಡಿ ಬೇಡ ಅನ್ನಲ್ಲ, ಆದ್ರೆ ಅದರ ಜೊತೆ ಪ್ರತಿ ಮಗುಗೂ ಕೈಯಲ್ಲಿ ಬರೆದ ಒಂದು ಚೀಟಿ ಇರ್ಲಿ, ನೀವು ಕಣ್ಣಾರೆ ನೋಡಿದ ಒಂದು ಘಟನೆ, ಇಂಥ ಮ್ಯಾಚಲ್ಲಿ ಇಂಥ ಇನ್ನಿಂಗ್ಸಲ್ಲಿ ನೀನು ಹೀಗೆ ಮಾಡಿದೆ ಅಂತ. ಜೇಬಿನ ಪುಸ್ತಕ ಇಟ್ಕೊಂಡಿದ್ರೆ ಇದು ಸುಲಭ, ಇಲ್ದಿದ್ರೆ ಹನ್ನೆರಡು ಜನಕ್ಕೆ ನೆನಪಿಂದ ಬರೆಯೋಕೆ ಆಗಲ್ಲ, ನಂಬಿ.

ಕೊನೇ ಕೆಲಸ ಲೀಗಿನ ಸಾಮಾನು ವಾಪಸ್ ಮಾಡೋದು. ಅದನ್ನ ಕೋಚ್ ಒಬ್ರೇ ಮಾಡೋದು ಬೇಡ, ಮಕ್ಕಳೇ ಹೆಲ್ಮೆಟ್ ಒರೆಸಿ, ಬಾಲ್ ಎಣಿಸಿ, ಬ್ಯಾಗ್ ಕಟ್ಟಿ ಕೊಡ್ಲಿ. ಕಳೆದ ಸಲ ನಮ್ದು ಎರಡು ಬಾಲ್ ಕಮ್ಮಿ ಬಂತು. ಹುಡುಗ್ರು ಬೇಲಿ ಆಚೆ ಪೊದೆಗೆ ನುಗ್ಗಿ ಹುಡುಕಿ ಐದು ತಂದ್ರು, ಮೂರು ಬೇರೆ ಯಾವುದೋ ಟೀಮಿಂದು. ಅವನ್ನೂ ಒರೆಸಿ, ಬೇರೆ ಚೀಲಕ್ಕೆ ಹಾಕಿ, ಮೇಲೆ "ಇದು ನಮ್ದಲ್ಲ" ಅಂತ ಬರೆದಿಟ್ರು.